ಕೆ/ಸಿ/ಓ: ಕೇಸ್ ಶೀಟಿನಲ್ಲಿ ಬಿದ್ದುಹೋಗುವ ‘ಅಂತೆ’

ಮೈಸೂರಿನ ಯಾವುದಾದರೂ ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ನಿಮ್ಮವರು ಮಲಗಿದ್ದರೆ, ಸಿಸ್ಟರ್ ಬಂದು ಬೈಯುವ ಮೊದಲು ಅವರ ಕೇಸ್ ಶೀಟ್ ಒಮ್ಮೆ ಇಣುಕಿ ನೋಡಿ. ಮೊದಲ ಪುಟದ ಮೇಲೇ ‘ಕೆ/ಸಿ/ಓ’ ಅಂತ ಮೂರು ಇಂಗ್ಲಿಷ್ ಅಕ್ಷರ ಹೆಚ್ಚುಕಮ್ಮಿ ಸಿಕ್ಕೇ ಸಿಗುತ್ತವೆ. ಕೆ/ಸಿ/ಓ ಡಿಎಂ, ಕೆ/ಸಿ/ಓ ಎಚ್‌ಟಿಎನ್, ಹೀಗೆ. ಬಿಡಿಸಿ ಓದಿದರೆ ‘ನೋನ್ ಕೇಸ್ ಆಫ್’. ಅಂದರೆ ಈ ರೋಗಿಗೆ ಶುಗರ್ ಇರುವುದು, ಬಿಪಿ ಇರುವುದು ಮೊದಲೇ ಗೊತ್ತಿರುವ ವಿಷಯ, ನಾವು ಇವತ್ತು ಕಂಡುಹಿಡಿದದ್ದಲ್ಲ.

ಗೊತ್ತು, ಸರಿ. ಯಾರಿಗೆ ಗೊತ್ತು? ಅದೊಂದನ್ನು ಮಾತ್ರ ಈ ಮೂರಕ್ಷರ ಹೇಳುವುದಿಲ್ಲ.

ಇದರ ಜೊತೆಗಾರ ಪದಗಳು ಇಷ್ಟು ಗಟ್ಟಿ ದನಿಯವಲ್ಲ. ‘ಸಿ/ಓ’ ಅಂದರೆ ರೋಗಿ ತಾನೇ ಹೇಳಿಕೊಂಡ ತೊಂದರೆ. ‘ಎಚ್/ಓ’ ಅಂದರೆ ಹಿಂದೆ ಆದದ್ದು. ಆಕ್ಸಿಡೆಂಟು, ಹೊಡೆದಾಟ, ವಿಷ ಕುಡಿದದ್ದು ಇಂಥ ಕೇಸಾದರೆ ಅದರ ಮುಂದೆ ‘ಅಲೆಜ್ಡ್’ ಅಂತ ಬೇರೆ ಸೇರಿಸುತ್ತಾರೆ. ಬೈಕಿನಿಂದ ಬಿದ್ದರಂತೆ, ದೊಣ್ಣೆಯಲ್ಲಿ ಹೊಡೆದರಂತೆ. ನಾಳೆ ಕೋರ್ಟಿನಲ್ಲಿ ನಿಲ್ಲಬೇಕಾಗಬಹುದಲ್ಲ, ಅದಕ್ಕೇ ಆ ಎಚ್ಚರ. ನಮ್ಮ ಕನ್ನಡದ ‘ಅಂತೆ’ ಮಾಡುವುದೂ ಇದೇ ಕೆಲಸವನ್ನು. ‘ಅವರಿಗೆ ಆಸ್ತಮಾ ಇದೆ’ ಅಂದರೆ ಹೇಳುವವನು ಹೊಣೆ ಹೊತ್ತ ಹಾಗೆ. ‘ಆಸ್ತಮಾ ಇದೆಯಂತೆ’ ಅಂದರೆ ಕೇಳಿದ್ದನ್ನು ಹೇಳಿದೆ, ಅಷ್ಟೇ. ಕೆ/ಸಿ/ಓ ಬರೆಯುವಾಗ ಬಿದ್ದುಹೋಗುವುದು ಈ ‘ಅಂತೆ’.

ನಮ್ಮವ್ವನದೇ ಕಥೆ ಹೇಳುತ್ತೇನೆ. ಮಂಡ್ಯ ಕಡೆಯ ನಮ್ಮೂರಿನಲ್ಲಿ ಮನೆಯಿಂದ ಕೂಗಳತೆಯಲ್ಲಿ ಒಂದು ಆಲೆಮನೆ. ಒಂದು ಚಳಿಗಾಲ ಹಗಲೂ ರಾತ್ರಿ ಒಲೆ ಉರಿಯುತ್ತಿತ್ತು, ಕಬ್ಬಿನ ಸಿಪ್ಪೆಯ ಹೊಗೆ ನೇರ ನಮ್ಮ ಹಜಾರಕ್ಕೆ. ನೆಗಡಿಯಾಗಿದ್ದ ಅವ್ವನಿಗೆ ಕೆಮ್ಮು ಹತ್ತಿತು, ಎದೆ ಗುಂಯ್ ಅನ್ನತೊಡಗಿತು. ಪೇಟೆಯ ನರ್ಸಿಂಗ್ ಹೋಮಿನಲ್ಲಿ ನೋಡಿದ ಡಾಕ್ಟರು ಚೀಟಿಯಲ್ಲಿ ಒಂದು ಪ್ರಶ್ನೆ ಗುರುತು ಹಾಕಿ ‘ಬಿ.ಎ.’ ಅಂತ ಬರೆದರು. ಬಿ.ಎ. ಅಂದರೆ ಬ್ರಾಂಕಿಯಲ್ ಆಸ್ತಮಾ. ಸ್ಕೂಲಿನ ಮೆಟ್ಟಿಲು ಹತ್ತದ ನಮ್ಮವ್ವ ಆವತ್ತು ಬಿ.ಎ. ಆದಳು. ಹದಿನೈದು ದಿನಕ್ಕೆ ಕೆಮ್ಮು ಹೋಯಿತು, ನಾವೂ ಮರೆತೆವು.

ಎರಡು ವರ್ಷದ ನಂತರ ಅವ್ವ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಈ ಸಲ ಬೇರೆ ಆಸ್ಪತ್ರೆ. ಹೊತ್ತು ಮುಳುಗಿದ ಮೇಲೆ ಬಂದ ಹೌಸ್ ಸರ್ಜನ್ ಹುಡುಗಿ ಹಳೆಯ ಚೀಟಿ ತಿರುವಿ, “ಆಸ್ತಮಾ ಇದೆಯಾ ಅಜ್ಜಿ?” ಅಂದಳು. ಅವ್ವ, “ಇರ್ಬೋದು ಅಂದಿದ್ರು ಕಣವ್ವ” ಅಂದಳು. ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದಾಗ ಅದರಲ್ಲಿ ‘ಕೆ/ಸಿ/ಓ ಬಿ.ಎ.’ ಅಂತ ಅಚ್ಚಾಗಿತ್ತು. ಪ್ರಶ್ನೆ ಗುರುತೂ ಇಲ್ಲ, ‘ಇರ್ಬೋದು’ ಕೂಡ ಇಲ್ಲ.

ಆ ಹುಡುಗಿಯನ್ನು ನಾನು ಬೈಯಲಾರೆ. ಅವಳಿಗೆ ಆ ರಾತ್ರಿ ಇನ್ನೆಷ್ಟು ಹಾಸಿಗೆ ಇದ್ದವೋ. ಎಲ್ಲವನ್ನೂ ತಾವೇ ಮೊದಲಿಂದ ನೋಡಬೇಕು ಅಂತ ಹೊರಟರೆ ಯಾವ ಡಾಕ್ಟರಿಗೂ ಹತ್ತು ರೋಗಿ ದಾಟುವುದಿಲ್ಲ. ಮಂಡ್ಯ, ಚಾಮರಾಜನಗರ, ಕೊಡಗಿನಿಂದ ಜನ ಕಂಕುಳಲ್ಲಿ ಎಕ್ಸ್‌ರೇ ಕವರ್ ಇಟ್ಟುಕೊಂಡು ಮೈಸೂರಿನ ಬಸ್ ಹತ್ತುವುದೇ ಇದಕ್ಕೆ. ಅಲ್ಲಿನವರು ಬರೆದದ್ದನ್ನು ಇಲ್ಲಿನವರು ನಂಬಲಿ ಅಂತ.

ನಂಬದೆ ಇರುವುದೂ ಅಪಾಯವೇ. ಆಮೇಲೆ ಅವ್ವನಿಗೆ ಕಣ್ಣಿನ ಪ್ರೆಷರ್ ಜಾಸ್ತಿಯಾಗಿ ಗ್ಲಾಕೋಮಾ ಅಂತ ಗೊತ್ತಾಯಿತು. ಕಣ್ಣಿನ ಡಾಕ್ಟರು ಟಿಮೊಲಾಲ್ ಡ್ರಾಪ್ಸ್ ಬರೆಯಲು ಹೋದವರು ಸಮ್ಮರಿ ನೋಡಿ ಪೆನ್ನು ನಿಲ್ಲಿಸಿದರು. ಆ ಹನಿ ಕಣ್ಣಿಗೆ ಬಿಟ್ಟರೂ ಒಂದಿಷ್ಟು ಮೂಗಿನ ದಾರಿಯಲ್ಲಿ ರಕ್ತಕ್ಕೆ ಸೇರುತ್ತದೆ, ಆಸ್ತಮಾ ಇದ್ದವರ ಉಸಿರಿನ ನಾಳ ಬಿಗಿದುಕೊಳ್ಳಬಹುದು. ಬೇರೆ ಹನಿ ಕೊಟ್ಟರು. ಅವರು ಮಾಡಿದ್ದು ನೂರಕ್ಕೆ ನೂರು ಸರಿ. ಯಾರೋ ಬರೆದದ್ದು ತಪ್ಪಿರಬಹುದು ಅಂತ ಪಂಥ ಕಟ್ಟುವ ಜಾಗ ಅದಲ್ಲ. ಹೀಗೆ ಒಂದೊಂದು ಕಡೆಯೂ ಒಬ್ಬೊಬ್ಬರು ಎಚ್ಚರ ವಹಿಸಿದಷ್ಟೂ ಆ ಬಿ.ಎ. ಇನ್ನಷ್ಟು ಗಟ್ಟಿಯಾಯಿತು.

ಬರೆಯದೇ ಇರುವ ವಿಷಯವನ್ನು ಸೇರಿಸುವುದು ಸುಲಭ, ಬರೆದದ್ದನ್ನು ಅಳಿಸುವುದು ಕಷ್ಟ. ಪೆನ್ಸಿಲಿನ್ ಅಲರ್ಜಿಯನ್ನೇ ನೋಡಿ. ಅಮೆರಿಕದಲ್ಲಿ 100ರಲ್ಲಿ ಸುಮಾರು 10 ರೋಗಿಗಳ ದಾಖಲೆಯಲ್ಲಿ ಅದು ಇದೆ. ಕೂರಿಸಿ ಪರೀಕ್ಷೆ ಮಾಡಿದರೆ ಅಂಥವರಲ್ಲಿ 10ಕ್ಕೆ 9 ಜನಕ್ಕೆ ಪೆನ್ಸಿಲಿನ್ ಏನೂ ಮಾಡುವುದಿಲ್ಲ. ಚಿಕ್ಕಂದಿನಲ್ಲಿ ಮೈಮೇಲೆ ಎದ್ದ ಗುಳ್ಳೆ, ಯಾರೋ ಬರೆದರು, ಎಲ್ಲರೂ ಇಳಿಸಿಕೊಂಡರು.

ಬೇರೆಯವರ ಬರಹವನ್ನು ಒಪ್ಪದ ಜಾಗವೂ ಆಸ್ಪತ್ರೆಯಲ್ಲಿ ಉಂಟು. ತಾಯಿ ಕಾರ್ಡಿನಲ್ಲಿ ‘ಓ ಪಾಸಿಟಿವ್’ ಅಂತ ದಪ್ಪಕ್ಷರದಲ್ಲಿ ಬರೆದಿರಲಿ, ಬಾಣಂತಿಗೆ ರಕ್ತ ಕೊಡಬೇಕಾದಾಗ ಬ್ಲಡ್ ಬ್ಯಾಂಕಿನವರು ಹೊಸ ಸ್ಯಾಂಪಲ್ ಕೇಳುತ್ತಾರೆ. ಗುಂಪು ತಾವೇ ನೋಡಿ, ಕೊಡುವ ರಕ್ತ ಇವರ ರಕ್ತಕ್ಕೆ ಹೊಂದುತ್ತದೆಯೇ ಅಂತ ಕ್ರಾಸ್ ಮ್ಯಾಚ್ ಮಾಡಿಯೇ ಕೊಡುವುದು. ಅಷ್ಟು ಹೊತ್ತು ಬಾಗಿಲಲ್ಲಿ ನಿಂತ ಗಂಡ ಗೊಣಗುತ್ತಾನೆ: “ಕಾರ್ಡಲ್ಲೇ ಐತಲ್ಲ ಸಾರ್!” ಆದರೆ ರಕ್ತದ ಗುಂಪಿಗೆ ಕೆಲವೇ ನಿಮಿಷದ ಪರೀಕ್ಷೆ ಇದೆ. ಆಸ್ತಮಾಗೆ ಹಾಗಿಲ್ಲ. ಊದಿಸಿ ನೋಡುವ ಸ್ಪೈರೋಮೆಟ್ರಿ ಒಂದು ದಿನ ಸರಿ ಬಂದ ಮಾತ್ರಕ್ಕೆ ಆಸ್ತಮಾ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ. ಅಳಿಸಲು ಯಾರ ಕೈಯೂ ಬರದೇ ಇರುವುದು ಅದಕ್ಕೇ.

1960ರ ದಶಕದಲ್ಲಿ ಲಾರೆನ್ಸ್ ವೀಡ್ ಎಂಬ ಅಮೆರಿಕದ ವೈದ್ಯರು ಕೇಸ್ ಶೀಟ್ ಬರೆಯುವ ಕ್ರಮವನ್ನೇ ಬದಲಿಸಲು ಹೊರಟರು. ರೋಗಿಯ ತೊಂದರೆಗಳಿಗೆ ನಂಬರ್ ಹಾಕಿ ಪಟ್ಟಿ ಮಾಡಬೇಕು, ಗೊತ್ತಾದಷ್ಟನ್ನೇ ಬರೆಯಬೇಕು ಅನ್ನುವುದು ಅವರ ವಾದ. ಉಬ್ಬಸ ಕಂಡರೆ ಉಬ್ಬಸ ಅಂತಲೇ ಬರೆಯಬೇಕು, ಊಹೆಯ ರೋಗದ ಹೆಸರನ್ನಲ್ಲ. ಪಟ್ಟಿ ಉಳಿಯಿತು, ಆ ಶಿಸ್ತು ಮಾತ್ರ ಎಲ್ಲ ಕಡೆ ಉಳಿಯಲಿಲ್ಲ ಅನಿಸುತ್ತದೆ. ಈಗ ಕಂಪ್ಯೂಟರಿನಲ್ಲಿ ಹಳೆಯ ಸಮ್ಮರಿಯನ್ನು ಹಾಗೇ ಕಾಪಿ ಮಾಡಿ ಅಂಟಿಸಬಹುದು. ಸರ್ಕಾರದ ಆರೋಗ್ಯ ಖಾತೆಯ 14 ಅಂಕಿಯ ಆಭಾ ನಂಬರಿನಲ್ಲಿ ದಾಖಲೆಗಳೆಲ್ಲ ಒಟ್ಟಿಗೆ ಸಿಗುವುದು ಒಳ್ಳೆಯದೇ, ಆದರೆ ತಪ್ಪೂ ಅದೇ ಬಸ್ಸಿನಲ್ಲಿ ಬರುತ್ತದೆ.

ಮೂಲ ಹುಡುಕೋಣ ಅಂದರೆ ಅದಕ್ಕೂ ಗಡುವಿದೆ. ವೈದ್ಯರ ನಡತೆಯ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟಿರಬೇಕು, ಕೇಳಿದರೆ 72 ಗಂಟೆಯೊಳಗೆ ಪ್ರತಿ ಕೊಡಬೇಕು. ಮೂರು ವರ್ಷ ಕಳೆದ ಮೇಲೆ ಮೊದಲ ಪುಟ ಸಿಗದೇ ಹೋಗಬಹುದು. ಅದರಿಂದ ಹುಟ್ಟಿದ ಕೆ/ಸಿ/ಓ ಮಾತ್ರ ಚಿರಾಯು.

ಅವ್ವನ ಕೇಸಿನಲ್ಲಿ ಗಂಟು ಬಿಚ್ಚಿದ್ದು ಮೈಸೂರಿನ ಒಬ್ಬ ಫಿಜಿಶಿಯನ್. ಬಿಪಿಗೆ ತೋರಿಸಲು ಹೋಗಿದ್ದೆವು. ಅವರು ಫೈಲು ಮುಚ್ಚಿಟ್ಟು ಕೇಳಿದರು: “ಆಸ್ತಮಾ ಅಂತ ಯಾರಮ್ಮ ಹೇಳಿದ್ದು? ರಾತ್ರಿ ಉಸಿರು ಕಟ್ಟಿ ಎದ್ದಿದ್ದೀರಾ? ಇನ್ಹೇಲರ್ ತಗೊಂಡಿದ್ದೀರಾ?” ಒಂದಕ್ಕೂ ಹೌದು ಬರಲಿಲ್ಲ. ಆಲೆಮನೆಯ ಮಾತು ಬಂದಾಗ ನಕ್ಕರು. ಊದಿಸಿ ನೋಡಿದರು, ಸರಿಯಾಗಿತ್ತು. ಆಮೇಲೆ ಬರೆದದ್ದು ಎರಡು ಸಾಲು: ಹಿಂದಿನ ದಾಖಲೆಯಲ್ಲಿ ಆಸ್ತಮಾ ಎಂದಿದೆ, ಇವತ್ತು ಅದರ ಗುರುತು ಕಾಣಲಿಲ್ಲ. ಕೆಳಗೆ ತಾರೀಕು, ಸಹಿ. ಇಂಗ್ಲಿಷಿನಲ್ಲೇ ಬರೆದಿದ್ದರು, ಆದರೂ ಒಂದು ‘ಅಂತೆ’ ಅದರೊಳಗಿತ್ತು.

ಮನೆಗೆ ಬಂದು ಹಳೆಯ ಸಮ್ಮರಿಯನ್ನು ಹರಿದುಹಾಕಲು ಹೋದೆ. ಅವ್ವ ಕಿತ್ತುಕೊಂಡಳು. “ಇರ್ಲಿ ಬುಡು ಮಗ, ಡಾಕ್ಟ್ರು ಬರ್ದಿರಾದು” ಅಂತ ಎರಡನ್ನೂ ಒಂದೇ ಪ್ಲಾಸ್ಟಿಕ್ ಕವರಿಗೆ ಸೇರಿಸಿ, ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಳು.