ಬಾಗುವ ಗುಂಡಿನ ಲೆಕ್ಕ: ‘ವಾಂಟೆಡ್’ ನೋಡಿ ಮಾಡಿಕೊಂಡ ಟಿಪ್ಪಣಿ

ಗ್ರಾಫಿಕ್ಸ್ ತುಂಬಿದ ಸಿನಿಮಾ ನೋಡಿ ‘ಎಲ್ಲಾ ಸುಳ್ಳು’ ಅಂದುಬಿಡುವುದು ಸುಲಭ. ಆ ಸುಳ್ಳನ್ನು ನಾವು ಎರಡು ಗಂಟೆ ಯಾಕೆ ನಂಬಿದೆವು ಅನ್ನುವುದು ಕಲಿಯಬೇಕಾದ ವಿಷಯ. ಅದಕ್ಕೆ ನಾನು ಹಿಡಿದುಕೊಂಡಿದ್ದು 2008ರ ಹಾಲಿವುಡ್ ಸಿನಿಮಾ ‘ವಾಂಟೆಡ್’. ಕಥೆಯ ಗುಟ್ಟುಗಳು ಕೆಳಗೆ ಬರುತ್ತವೆ, ನೋಡಿರದವರು ಮೊದಲು ನೋಡಿ ಬನ್ನಿ.

ಪರಿಚಯ ಬೇಗ ಮುಗಿಸುತ್ತೇನೆ. ನಿರ್ದೇಶಕ ಟಿಮೂರ್ ಬೆಕ್ಮಾಂಬೆಟೊವ್. ನಟರು ಜೇಮ್ಸ್ ಮೆಕವಾಯ್, ಏಂಜಲಿನಾ ಜೋಲಿ, ಮಾರ್ಗನ್ ಫ್ರೀಮನ್. ಅಮೆರಿಕದಲ್ಲಿ ಬಿಡುಗಡೆಯಾಗಿದ್ದು ಜೂನ್ ಕೊನೆಗೆ, ಅಂದರೆ ಅಲ್ಲಿನ ಬೇಸಿಗೆ ಸೀಸನ್‌ನಲ್ಲಿ. ಮೂಲ ಒಂದು ಕಾಮಿಕ್ಸ್. ಅದರಲ್ಲಿ ಸೂಪರ್ ವಿಲನ್‌ಗಳಿದ್ದರು, ಸಿನಿಮಾದಲ್ಲಿ ಅವರ ಜಾಗಕ್ಕೆ ಹಂತಕರ ಒಂದು ಸಂಘ ಬಂತು. ಸಾವಿರ ವರ್ಷದ ಹಿಂದೆ ನೇಕಾರರು ಕಟ್ಟಿದ ಸಂಘ ಅಂತೆ! ಮಗ್ಗದಲ್ಲಿ ಎಳೆ ತಪ್ಪಿದ ಜಾಗಗಳನ್ನು ಲೆನ್ಸ್ ಇಟ್ಟು ಓದಿದರೆ, ಮುಂದೆ ಯಾರನ್ನು ಕೊಲ್ಲಬೇಕು ಅನ್ನುವ ಹೆಸರು ಸಿಗುತ್ತದೆ. ಕೇಳಿದರೆ ನಗು ಬರುತ್ತದೆ. ಆದರೆ ಹಾಸು, ಹೊಕ್ಕು, ತಪ್ಪಿದ ಎಳೆ ಎಲ್ಲವನ್ನೂ ಹತ್ತಿರದಿಂದ ತೋರಿಸುವುದರಿಂದ ಕಣ್ಣು ಒಪ್ಪಿಬಿಡುತ್ತದೆ.

ಈಗ ಮುಖ್ಯ ವಿಷಯ, ಗುಂಡು. ಈ ಸಿನಿಮಾದಲ್ಲಿ ಕೈ ಬೀಸಿ ಹೊಡೆದರೆ ಗುಂಡು ಬಾಗಿ ಹೋಗುತ್ತದೆ. ಪೆನ್ನು ತಗೊಳ್ಳಿ, ಲೆಕ್ಕ ಹಾಕೋಣ.

9 ಎಂಎಂ ಪಿಸ್ತೂಲಿನ ಗುಂಡು ಸೆಕೆಂಡಿಗೆ ಸುಮಾರು 360 ಮೀಟರ್ ಹೋಗುತ್ತದೆ ಅಂತಿಟ್ಟುಕೊಳ್ಳಿ. ಹೊಡೆಯುವಾಗ ಕೈಯನ್ನು ಪಕ್ಕಕ್ಕೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬೀಸಿದಿರಿ. ಆ ಪಕ್ಕದ ವೇಗ ಗುಂಡಿಗೂ ಸಿಗುತ್ತದೆ, ನಿಜ. 10 ಮೀಟರ್ ದೂರ ಹೋಗುವಷ್ಟರಲ್ಲಿ ಗುಂಡು ಸುಮಾರು 28 ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಆದರೆ ಹೋಗುವುದು ನೇರ ಗೆರೆಯಲ್ಲೇ! ಗೆರೆ ಸ್ವಲ್ಪ ವಾರೆಯಾಗುತ್ತದೆ, ಬಾಗುವುದಿಲ್ಲ. ನಳಿಕೆ ಬಿಟ್ಟ ಮೇಲೆ ಗುಂಡಿಗೆ ನಿಮ್ಮ ಕೈಯ ಹಂಗಿಲ್ಲ.

ಒಬ್ಬ ಮನುಷ್ಯನನ್ನು ಸುತ್ತಿಕೊಂಡು ಹೋಗಲು 5 ಮೀಟರ್ ತ್ರಿಜ್ಯದ ತಿರುವು ಬೇಕು ಅನ್ನೋಣ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿ, 8 ಗ್ರಾಂ ತೂಕದಿಂದ ಗುಣಿಸಿ. ಸುಮಾರು 207 ನ್ಯೂಟನ್ ಬರುತ್ತದೆ. ಅಂದರೆ 21 ಕೆಜಿ ಮೂಟೆಯ ಭಾರದಷ್ಟು ಬಲ ಆ ಪುಟ್ಟ ಗುಂಡನ್ನು ದಾರಿಯುದ್ದಕ್ಕೂ ಪಕ್ಕಕ್ಕೆ ಎಳೆಯುತ್ತಲೇ ಇರಬೇಕು. ಗಾಳಿಯ ಕೈಲಿ ಅದು ಆಗುವ ಮಾತಲ್ಲ. ಗುರುತ್ವವೂ ಅಷ್ಟೇ. 10 ಮೀಟರ್ ಹೋಗುವಷ್ಟರಲ್ಲಿ ಗುಂಡನ್ನು ಕೆಳಗೆ ಎಳೆಯುವುದು ಬರೀ 4 ಮಿಲಿಮೀಟರ್.

ಸರಿ, ಸುಳ್ಳು ಅಂತಾಯಿತು. ಇನ್ನು ಅದನ್ನು ತೋರಿಸುವುದು ಹೇಗೆ? ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಒಂದು ಫ್ರೇಮ್‌ನಿಂದ ಮುಂದಿನದಕ್ಕೆ ಹೋಗುವಷ್ಟರಲ್ಲಿ ಗುಂಡು 15 ಮೀಟರ್ ದಾಟಿರುತ್ತದೆ. ಹತ್ತು ಮೀಟರ್ ಕೋಣೆಯಲ್ಲಿ ಅದು ಒಂದೇ ಒಂದು ಫ್ರೇಮ್‌ಗೂ ಸಿಗದೆ ಗೋಡೆಗೆ ಹೊಕ್ಕಿರಬಹುದು. ಅದೇ ಹತ್ತು ಮೀಟರನ್ನು ತೆರೆಯ ಮೇಲೆ 5 ಸೆಕೆಂಡ್ ತೋರಿಸಬೇಕು ಅಂದರೆ 180 ಪಟ್ಟು ನಿಧಾನ ಮಾಡಬೇಕು. ಕ್ಯಾಮೆರಾ ಸೆಕೆಂಡಿಗೆ 4,320 ಫ್ರೇಮ್ ಓಡಬೇಕು. ಅಂಥ ಕ್ಯಾಮೆರಾಗಳು ಇವೆ. ಆದರೆ ನಟಿಯ ಕಿವಿಯ ಪಕ್ಕ ನಿಜವಾದ ಗುಂಡು ಹಾರಿಸಲು ಆಗುತ್ತಾ? ಹಾಗಾಗಿ ಗುಂಡು ಕಂಪ್ಯೂಟರ್‌ನಲ್ಲೇ ಹುಟ್ಟಬೇಕು.

ಇಲ್ಲಿ ಒಂದು ಜಾಣತನ ಇದೆ, ನನಗೆ ಎರಡನೇ ಸಲ ನೋಡಿದಾಗ ಹೊಳೆದದ್ದು. ಬೇರೆ ಆ್ಯಕ್ಷನ್ ಸಿನಿಮಾಗಳಲ್ಲಿ ಸ್ಲೋ ಮೋಷನ್ ಸುಮ್ನೆ ಪ್ರೇಕ್ಷಕರಿಗೆ, ಚಂದಕ್ಕೆ. ಇಲ್ಲಿ ಅದಕ್ಕೆ ಕಥೆಯೊಳಗೇ ಕಾರಣ ಕೊಟ್ಟಿದ್ದಾರೆ. ನಾಯಕ ವೆಸ್ಲಿ ಒಂದು ಆಫೀಸಿನ ಗುಮಾಸ್ತ. ಭಯವಾದಾಗ ಎದೆ ಹೊಡೆದುಕೊಳ್ಳುತ್ತದೆ, ಮಾತ್ರೆ ನುಂಗುತ್ತಾನೆ. ಅದು ಕಾಯಿಲೆಯಲ್ಲ, ನಿನ್ನ ಹೃದಯ ನಿಮಿಷಕ್ಕೆ 400 ಸಲ ಬಡಿಯುತ್ತದೆ, ಅದಕ್ಕೇ ನಿನಗೆ ಜಗತ್ತು ನಿಧಾನವಾಗಿ ಕಾಣುತ್ತದೆ ಅಂತ ಸಂಘದವರು ಹೇಳುತ್ತಾರೆ. ವೈದ್ಯಶಾಸ್ತ್ರದ ಲೆಕ್ಕದಲ್ಲಿ ಇದೂ ಸುಳ್ಳೇ. ಆದರೆ ಆಮೇಲಿಂದ ಪ್ರತಿ ಸ್ಲೋ ಮೋಷನ್ ಅವನ ಕಣ್ಣಿನದಾಗುತ್ತದೆ. ಅವನು ಗುಂಡು ಹೊಡೆದು ನೊಣಗಳ ರೆಕ್ಕೆ ಕತ್ತರಿಸುವಾಗ ನಾವು ‘ಹೇಗೆ ಸಾಧ್ಯ’ ಅಂತ ಕೇಳುವುದಿಲ್ಲ, ‘ಓ, ಅವನಿಗೆ ಕಾಣ್ತಾ ಇದೆ’ ಅಂದುಕೊಳ್ಳುತ್ತೇವೆ.

ಬಾಗುವ ಗುಂಡಿಗೂ ಹೀಗೇ ಮೆಟ್ಟಿಲು ಕಟ್ಟಿದ್ದಾರೆ. ತರಬೇತಿಯಲ್ಲಿ ಏಂಜಲಿನಾ ಜೋಲಿಯ ಪಾತ್ರ, ಹೆಸರು ಫಾಕ್ಸ್, ಗುರಿಯ ಮುಂದೆ ತಾನೇ ನಿಂತುಕೊಳ್ಳುತ್ತಾಳೆ. ತನ್ನನ್ನು ತಪ್ಪಿಸಿ ಹೊಡಿ ಅನ್ನುವುದು ಪಾಠ. ಕೊನೆಗೆ ಅವಳೇ ಹೊಡೆದ ಒಂದು ಗುಂಡು ಸುತ್ತ ನಿಂತವರನ್ನೆಲ್ಲ ಉರುಳಿಸಿ, ಪೂರ್ತಿ ಸುತ್ತು ಬಂದು ಅವಳಿಗೇ ಬಡಿಯುತ್ತದೆ. ಮೊದಲು ಅರ್ಧ ತಿರುವು, ಕೊನೆಗೆ ಇಡೀ ವೃತ್ತ. ನಿಯಮ ಒಂದೇ, ಬೆಲೆ ಮಾತ್ರ ಏರಿತು. ರೈಲು ಕಂದರಕ್ಕೆ ಉರುಳುವ ದೃಶ್ಯಕ್ಕೆ ಇದಕ್ಕಿಂತ ಜಾಸ್ತಿ ಬೆವರು ಹರಿಸಿರಬಹುದು, ಆದರೆ ನನಗೆ ಅದು ಬರೀ ಗದ್ದಲ ಅನ್ನಿಸಿತು. ಅಲ್ಲಿ ಬೆಳೆಯುವ ನಿಯಮ ಯಾವುದೂ ಇಲ್ಲ.

ಪರೀಕ್ಷೆಗೆ ಬರುವಂಥ ಒಂದು ಸಂಗತಿ: ಇಷ್ಟು ಗ್ರಾಫಿಕ್ಸ್ ಇರುವ ಈ ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿದ್ದು ಗ್ರಾಫಿಕ್ಸ್‌ಗೆ ಅಲ್ಲ. ಸೌಂಡ್ ಎಡಿಟಿಂಗ್‌ಗೆ (ಸದ್ದುಗಳನ್ನು ಆಯ್ದು ಜೋಡಿಸುವ ಕೆಲಸ) ಒಂದು, ಸೌಂಡ್ ಮಿಕ್ಸಿಂಗ್‌ಗೆ (ಅವನ್ನೆಲ್ಲ ಹದವಾಗಿ ಬೆರೆಸುವ ಕೆಲಸ) ಒಂದು. (ಮಿಕ್ಸಿಂಗ್ ಪ್ರಶಸ್ತಿ ಆ ವರ್ಷ ಹೋಗಿದ್ದು ನಮ್ಮ ದೇಶದ ಧ್ವನಿ ತಂತ್ರಜ್ಞ ರೆಸೂಲ್ ಪೂಕುಟ್ಟಿ ಇದ್ದ ‘ಸ್ಲಮ್‌ಡಾಗ್ ಮಿಲಿಯನೇರ್’ ತಂಡಕ್ಕೆ.) ಕಾರಣ ಬೇಕಿದ್ದರೆ ತರಬೇತಿಯ ದೃಶ್ಯವನ್ನು ಒಮ್ಮೆ ಸೌಂಡ್ ಬಂದ್ ಮಾಡಿ ನೋಡಿ. ನಾನು ನೋಡಿದೆ. ಗುಂಡು ಒಂದು ಬೊಂಬೆಯ ಹಾಗೆ ತೇಲಿಹೋಯಿತು, ತೂಕವೇ ಇಲ್ಲ. ಸೌಂಡ್ ಹಾಕಿದ ಕೂಡಲೇ ಅದೇ ಶಾಟ್‌ಗೆ ಜೀವ ಬಂತು.

ಕೊನೆಯದಾಗಿ ಒಂದು ಅಭ್ಯಾಸ. ಆರಂಭದಲ್ಲಿ ಒಬ್ಬ ಹಂತಕ ಗುಂಡೇಟು ತಿಂದು ಸಾಯುತ್ತಾನೆ. ಆಗ ಕ್ಯಾಮೆರಾ ಗುಂಡಿನ ದಾರಿ ಹಿಡಿದು ಹಿಂದಕ್ಕೆ ಓಡುತ್ತದೆ, ತುಂಬಾ ದೂರ, ಹೊಡೆದವನ ತನಕ. ಚಿತ್ರದ ಕೊನೆಗೂ ಇದೇ ಹಿಮ್ಮುಖ ಓಟ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಬಂದೂಕಿನ ಹಿಂದೆ ಯಾರಿದ್ದಾರೆ ನೋಡಿ. ಮೊದಲನೆಯದರ ತುದಿಯಲ್ಲಿ ವೆಸ್ಲಿಯ ಅಪ್ಪ, ಕೊನೆಯದರ ತುದಿಯಲ್ಲಿ ಮಗ ವೆಸ್ಲಿ.