ಆರೈಕೆ ಮಾಡುವವರಿಗೂ ಒಂದು ಆಸರೆ ಬೇಕು

ಬೆಳಗಿನ ಪಾಳಿಗೆ ಬಂದಾಗ ಒಂದು ಹಾಸಿಗೆ ಖಾಲಿ. ದಿನವೂ ಮೈ ಒರೆಸಿ, ತಲೆ ಬಾಚಿ, ತುತ್ತು ತಿನ್ನಿಸಿದ ಅಜ್ಜಿ ರಾತ್ರಿಯೇ ತೀರಿಕೊಂಡಿದ್ದಾರೆ. ನರ್ಸಿಂಗ್ ಸಹಾಯಕಿ ಹಳೆಯ ಬೆಡ್‌ಶೀಟ್ ತೆಗೆದು ಹೊಸದು ಹಾಸುತ್ತಾರೆ. ಅಜ್ಜಿಯ ಕನ್ನಡಕ, ಬಾಚಣಿಗೆ, ಸ್ವೆಟರ್ ಎಲ್ಲವನ್ನೂ ಚೀಲಕ್ಕೆ ತುಂಬುತ್ತಾರೆ. ಅಳೋಣ ಅಂದರೆ ಪುರುಸೊತ್ತಿಲ್ಲ, ಪಕ್ಕದ ಕೋಣೆಯ ಬೆಲ್ ಆಗಲೇ ಹೊಡೆಯುತ್ತಿದೆ.

ಸಮಾಜ ಲೆಕ್ಕಕ್ಕೇ ತೆಗೆದುಕೊಳ್ಳದ ಇಂಥ ದುಃಖದ ಬಗ್ಗೆ ಸಾವು-ನೋವುಗಳ ದುಃಖವನ್ನು ಅಧ್ಯಯನ ಮಾಡುವ ಅಮೆರಿಕದ ಕೆನೆತ್ ಡೋಕಾ 1989ರಲ್ಲಿ ವಿವರವಾಗಿ ಬರೆದರು. ಸತ್ತವರ ಮನೆಗೆ ಸಮಾಧಾನ ಹೇಳಲು ಜನ ಬರುತ್ತಾರೆ. ಸಹಾಯಕಿಯನ್ನು ಯಾರು ಕೇಳುತ್ತಾರೆ? ದೀರ್ಘಕಾಲದ ಆರೈಕೆ ಕೇಂದ್ರದಲ್ಲಿ ಇದು ಮತ್ತೆ ಮತ್ತೆ ನಡೆಯುತ್ತದೆ. ಒಂದು ಸಾವಿನ ನೋವು ಆರುವ ಮೊದಲೇ ಇನ್ನೊಂದು.

ಇದರ ಜೊತೆಗೆ ಇನ್ನೊಂದು ಕಣ್ಣಿಗೆ ಕಾಣದ ಕೆಲಸವಿದೆ. ಮರೆವಿನ ಕಾಯಿಲೆ ಇರುವವರು ಸ್ನಾನದ ಹೊತ್ತಿಗೆ ಹೆದರಿ ಬೈಯಬಹುದು, ಹೊಡೆಯಲೂಬಹುದು. ಆಗಲೂ ದನಿ ಮೆತ್ತಗಿರಬೇಕು, ಮುಖದಲ್ಲಿ ನಗು ಇರಬೇಕು. ಒಳಗೊಂದು ಹೊರಗೊಂದು ಇಟ್ಟುಕೊಂಡು ದುಡಿಯುವುದೂ ದುಡಿಮೆಯೇ ಎಂದು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ತೋರಿಸಿಕೊಟ್ಟರು. ಸಂಬಳದ ಚೀಟಿಯಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ವಿವರಿಸಿದ ರೀತಿ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಅದು ಕಾಯಿಲೆ ಅಲ್ಲ, ನಿಭಾಯಿಸಲಾಗದೆ ಉಳಿದುಹೋದ ಕೆಲಸದ ಒತ್ತಡದ ಫಲ ಎಂದಿತು ಸಂಸ್ಥೆ. ಅದಕ್ಕೆ ಮೂರು ಮುಖ: ತೀರದ ಸುಸ್ತು, ಕೆಲಸದಿಂದ ಮನಸ್ಸು ದೂರ ಸರಿಯುವುದು, ‘ನನ್ನ ಕೈಲಿ ಏನೂ ಆಗ್ತಿಲ್ಲ’ ಅನ್ನುವ ಭಾವನೆ. ಹಾಗಾಗಿ ಸುಸ್ತಾದವರಿಗೆ ‘ನೀವೇ ಗಟ್ಟಿಯಾಗಬೇಕು’ ಅನ್ನುವುದು ಅನ್ಯಾಯ.

ಸ್ವಂತ ಆರೈಕೆ ಬೇಡ ಅಂತಲ್ಲ. ಅದು ಬೆನ್ನಿನಿಂದಲೇ ಶುರುವಾಗಲಿ. ಅಮೆರಿಕದ ಸಂಶೋಧಕ ಥಾಮಸ್ ವಾಟರ್ಸ್ 2007ರಲ್ಲಿ ಲೆಕ್ಕ ಹಾಕಿದ ಪ್ರಕಾರ, ರೋಗಿಯನ್ನು ಎತ್ತುವಾಗ ಒಬ್ಬರ ಮೇಲೆ ಬೀಳುವ ಭಾರ ಸುಮಾರು 16 ಕಿಲೋ ದಾಟಬಾರದು. ಬಗ್ಗಿ, ತಿರುಚಿ ಎತ್ತುವುದಾದರೆ ಮಿತಿ ಇನ್ನೂ ಕಡಿಮೆ. ದೊಡ್ಡವರೊಬ್ಬರನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಕೂರಿಸುವಾಗ ಈ ಮಿತಿ ಸುಲಭವಾಗಿ ದಾಟಿಹೋಗುತ್ತದೆ. ಎತ್ತುವ ಯಂತ್ರ ಬಳಸುವುದು, ‘ಸ್ವಲ್ಪ ಕೈ ಕೊಡಿ’ ಎಂದು ಜೊತೆಯವರನ್ನು ಕರೆಯುವುದು ಸೋಮಾರಿತನ ಅಲ್ಲವೇ ಅಲ್ಲ. ರಾತ್ರಿ ಪಾಳಿಯವರು ಹಗಲು ಕೋಣೆಯನ್ನು ಕತ್ತಲಾಗಿಸಿಕೊಂಡು ಮಲಗಬೇಕು. ಬೆಳಕು ಬಿದ್ದರೆ ದೇಹದೊಳಗಿನ ಗಡಿಯಾರ ಎಚ್ಚರ ಇರು ಅಂತಲೇ ಹೇಳುತ್ತಿರುತ್ತದೆ.

ಆದರೆ ಮನಸ್ಸಿನ ಭಾರಕ್ಕೆ ಅದೇ ಕೆಲಸ ಮಾಡುವ ಇನ್ನೊಬ್ಬರಷ್ಟು ಒಳ್ಳೆಯ ಆಸರೆ ಕಡಿಮೆ. ಇದಕ್ಕೆ ಮಿದುಳಿನಲ್ಲೂ ಸುಳಿವುಗಳಿವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಕೋನ್ 2006ರಲ್ಲಿ 16 ವಿವಾಹಿತ ಮಹಿಳೆಯರನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ, ಸಣ್ಣ ವಿದ್ಯುತ್ ಶಾಕ್ ಬರಬಹುದೆಂದು ಎಚ್ಚರಿಸಿದರು. ಗಂಡನ ಕೈ ಹಿಡಿದಿದ್ದಾಗ ಮಿದುಳಿನ ಅಪಾಯದ ಪ್ರತಿಕ್ರಿಯೆ ಚೆನ್ನಾಗಿ ತಗ್ಗಿತು. ಅಪರಿಚಿತರ ಕೈ ಹಿಡಿದಾಗಲೂ ಸ್ವಲ್ಪ ತಗ್ಗಿತು! ಮರುವರ್ಷ ಮ್ಯಾಥ್ಯೂ ಲೀಬರ್‌ಮನ್ ತಂಡ ಇನ್ನೊಂದು ವಿಷಯ ಕಂಡುಕೊಂಡಿತು: ಭಾವನೆಯನ್ನು ಮಾತಿನಲ್ಲಿ ಗುರುತಿಸಿದಾಗ ಭಯಕ್ಕೆ ಸ್ಪಂದಿಸುವ, ಮಿದುಳಿನ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ಇಳಿಯುತ್ತದೆ.

ಹಾಗಂತ ಬಲವಂತವಾಗಿ ಬಾಯಿ ಬಿಡಿಸಬಾರದು. ಆಘಾತವಾದ ಕೂಡಲೇ ಜನರನ್ನು ಒಂದು ಸಲ ಕೂರಿಸಿ ಎಲ್ಲವನ್ನೂ ಹೇಳಿಸುವ ಪದ್ಧತಿಯ ಮೇಲಿನ ಅಧ್ಯಯನಗಳನ್ನು ವೈದ್ಯಕೀಯ ಸಂಶೋಧನೆಗಳನ್ನು ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ ವಿಮರ್ಶಕರು ಒಟ್ಟಿಗೆ ಪರಿಶೀಲಿಸಿದರು. ಅದರಿಂದ ಪ್ರಯೋಜನ ಕಾಣಲಿಲ್ಲ, ಕಡ್ಡಾಯ ಮಾಡುವುದನ್ನು ನಿಲ್ಲಿಸಬೇಕು ಎಂದರು. ಜೊತೆಗಾರರು ‘ಇವತ್ತು ಕಷ್ಟ ಆಯ್ತಲ್ವಾ?’ ಎಂದು ಕೇಳಿ ಸುಮ್ನೆ ಕೂತರೂ ಸಾಕು. ಹೇಳಬೇಕು ಅನ್ನಿಸಿದರೆ ಹೇಳುತ್ತಾರೆ. ಸಲಹೆಗೆ ಅವಸರ ಬೇಡ, ಕೇಳಿದ್ದು ಮೂರನೆಯವರ ಕಿವಿಗೆ ಬೀಳಬಾರದು. ನಿದ್ದೆ ಪೂರ್ತಿ ಕೆಟ್ಟಿದ್ದರೆ, ಬದುಕೇ ಬೇಡ ಎಂಬ ಮಾತು ಬಂದರೆ ಮಾತ್ರ ಕಾಯಬಾರದು. ಜೊತೆಗೇ ಹೋಗಿ ತಜ್ಞರನ್ನು ಕಾಣಬೇಕು.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ 2011ರಲ್ಲಿ ಸಿಬ್ಬಂದಿಗೇ ತರಬೇತಿ ಕೊಟ್ಟು, ನೊಂದ ಸಹೋದ್ಯೋಗಿ ಯಾವ ಹೊತ್ತಿನಲ್ಲಿ ಕರೆದರೂ ಸಿಗುವ ತಂಡ ಕಟ್ಟಿತು. ಆರೈಕೆ ಕೇಂದ್ರಗಳಿಗೂ ಇಂಥದ್ದು ಬೇಕು. ಒಬ್ಬರೇ ಇಡೀ ಮಹಡಿ ನೋಡಿಕೊಳ್ಳುವ ರಾತ್ರಿಯಲ್ಲಿ ಜೊತೆಗಾರರ ಬೆಂಬಲ ಎಲ್ಲಿಂದ ಬರಬೇಕು? ಮೊದಲು ಪಾಳಿಗೆ ಸಾಕಷ್ಟು ಜನ ಇರಲಿ. ಆಮೇಲೆ, ಪಾಳಿ ಬದಲಾಗುವಾಗ ಕೂತು ಮಾತಾಡಲು ಸ್ವಲ್ಪ ಹೊತ್ತು ಸಿಗಲಿ, ಅದೂ ಸಂಬಳದ ಸಮಯದಲ್ಲೇ.