ಮೊದಲ ವೇದಿಕೆ, ಹಾಡಿನ ಆಯ್ಕೆ ಮತ್ತು ಶ್ರುತಿಯ ಹಟ

ಮೊದಲ ಸಲ ವೇದಿಕೆ ಹತ್ತಲು ಹೊರಟವರು ಹಾಡು ಆರಿಸಿಕೊಂಡು ನನ್ನ ಬಳಿ ಬಂದಾಗ, ಯಾವ ಶ್ರುತಿಯಲ್ಲಿ, ಅಂದರೆ ‘ಸ’ವನ್ನು ಯಾವ ಎತ್ತರದಲ್ಲಿ ಇಟ್ಟುಕೊಂಡು ಹಾಡುತ್ತೀರಿ ಎಂದು ನಾನು ಮೊದಲು ಕೇಳುತ್ತೇನೆ. ಉತ್ತರ ಹೆಚ್ಚುಕಡಿಮೆ ಯಾವಾಗಲೂ ಒಂದೇ: “ಒರಿಜಿನಲ್‌ನಲ್ಲಿ ಎಷ್ಟಿದೆಯೋ ಅಷ್ಟರಲ್ಲೇ, ಮೇಡಂ.” ಸಾಹಿತ್ಯ, ರಾಗ, ತಾಳಗಳ ಹಾಗೆ ಶ್ರುತಿಯೂ ಹಾಡಿನ ಅಂಗವೇ, ಅದನ್ನು ಮುಟ್ಟಿದರೆ ಹಾಡಿಗೆ ಅಪಚಾರವಾಗುತ್ತದೆ ಎಂಬ ನಂಬಿಕೆ ಹೊಸಬರಲ್ಲಿ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಅರ್ಧ ಮನೆ (ಮನೆ ಎಂದರೆ ಹಾರ್ಮೋನಿಯಮ್ಮಿನ ಕೀಲಿ; ಬಿಳಿಯದಕ್ಕೆ ಪೂರ್ಣ ಸಂಖ್ಯೆ, ಕಪ್ಪಿಗೆ ಅರ್ಧ) ಇಳಿಸೋಣ ಎಂದರೆ ಮುಖ ಬಾಡುತ್ತದೆ, ಒಂದೂವರೆ ಮನೆ ಇಳಿಸೋಣ ಎಂದರೆ, ತಮ್ಮ ಯೋಗ್ಯತೆಯನ್ನೇ ಇಳಿಸಿ ಮಾತನಾಡಿದಂತೆ ನೊಂದುಕೊಳ್ಳುತ್ತಾರೆ. ಇದನ್ನು ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ. ಆದ್ದರಿಂದ ಒಮ್ಮೆ ವಿವರವಾಗಿ ಬರೆದುಬಿಡುತ್ತೇನೆ.

ಧ್ವನಿಮುದ್ರಣದಲ್ಲಿರುವ ಶ್ರುತಿ ಆ ಹಾಡನ್ನು ಹಾಡಿದವರ ಶಾರೀರಕ್ಕೆ ಹೊಂದುವಂತೆ ಸಂಯೋಜಕರು ಆರಿಸಿಕೊಂಡದ್ದು. ಬೇರೆ ಕಂಠದಿಂದ ಹಾಡಿಸಿದ್ದರೆ ಅವರೇ ಬೇರೆ ಶ್ರುತಿ ಇಟ್ಟಿರುತ್ತಿದ್ದರು. ಕೇಳುಗರಿಗೆ ರುಚಿಸುವುದು ಸ್ವರಸ್ವರಗಳ ನಡುವಿನ ಅಂತರ. ಆಧಾರ ಷಡ್ಜ ನಾಲ್ಕರಲ್ಲಿದೆಯೋ ಐದೂವರೆಯಲ್ಲಿದೆಯೋ ಎಂದು ವಾದ್ಯದ ನೆರವಿಲ್ಲದೆ ಹೇಳಬಲ್ಲ ಕಿವಿ ಬಹಳ ಅಪರೂಪ. ಹಾಡುವವರ ಕತ್ತು ಬಿಗಿದದ್ದು ಮಾತ್ರ ಸಂಗೀತದ ಗಂಧವಿಲ್ಲದವರಿಗೂ ಕೊನೆಯ ಸಾಲಿನಲ್ಲಿ ಕುಳಿತೇ ಗೊತ್ತಾಗುತ್ತದೆ.

ಇಷ್ಟನ್ನು ಹಲವರು ಒಪ್ಪುತ್ತಾರೆ. ಒಪ್ಪಿದ ಮೇಲೆ ಅವರು ಹಿಡಿಯುವ ಇನ್ನೊಂದು ಪಟ್ಟೇ ನನ್ನನ್ನು ಹೆಚ್ಚು ಕಾಡುವುದು: “ಆದರೆ ಮೇಲಿನ ಸ್ವರ ನನಗೆ ಸಿಗುತ್ತದಲ್ಲ, ಮೇಡಂ!” ಹಾಡಿನ ಅತಿ ಎತ್ತರದ ಸ್ವರ ಒಂದು ಸಲ ಕಂಠಕ್ಕೆ ದಕ್ಕಿದರೆ ಹಾಡೇ ದಕ್ಕಿದಂತೆ ಎಂದು ಇವರು ತಿಳಿದಿದ್ದಾರೆ. ಆದರೆ ಹಾಡು ಎಲ್ಲಿಯವರೆಗೆ ಏರುತ್ತದೆ ಎಂಬುದು ಒಂದು ಲೆಕ್ಕ, ಯಾವ ಸ್ವರಗಳ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬುದು ಬೇರೆಯೇ ಲೆಕ್ಕ. ಮೊದಲನೆಯದನ್ನು ಹಾಡಿನ ವ್ಯಾಪ್ತಿ ಎನ್ನೋಣ, ಎರಡನೆಯದನ್ನು ಹಾಡಿನ ನೆಲೆ ಎನ್ನೋಣ. ಹೊಸ ಗಾಯಕರು ಸೋಲುವುದು ಬಹುಪಾಲು ಈ ನೆಲೆಯ ವಿಷಯದಲ್ಲಿ.

ಒಂದು ಹಾಡು ಷಡ್ಜ-ಪಂಚಮಗಳ (ಸ-ಪ) ನಡುವೆಯೇ ಓಡಾಡುತ್ತಾ, ಯಾವುದೋ ಒಂದು ತಿರುವಿನಲ್ಲಿ ತಾರ (ಮೇಲಿನ ಸ್ಥಾಯಿಯ) ಗಾಂಧಾರವನ್ನು ಮಿಂಚಿನಂತೆ ಮುಟ್ಟಿ ಇಳಿದುಬಿಡುತ್ತದೆ ಎಂದಿಟ್ಟುಕೊಳ್ಳಿ. ಇನ್ನೊಂದು ಹಾಡು ತಾರ ಷಡ್ಜವನ್ನು ದಾಟುವುದೇ ಇಲ್ಲ, ಆದರೆ ಚರಣದ ಒಂದೊಂದು ಸಾಲೂ ನಿಷಾದದ ಮೇಲೆ ದೀರ್ಘವಾಗಿ ನಿಲ್ಲುತ್ತದೆ. ಕಾಗದದ ಮೇಲೆ ಮೊದಲನೆಯದು ಕಷ್ಟದ ಹಾಡು, ಎರಡನೆಯದು ಸುಲಭ. ವೇದಿಕೆಯ ಮೇಲೆ ಇದು ತಿರುಗುಮುರುಗಾಗುತ್ತದೆ. ಎತ್ತರದ ಒಂದು ಸ್ವರವನ್ನು ಕ್ಷಣಹೊತ್ತು ಮುಟ್ಟಲು ಬೇಕಾದ ಶಕ್ತಿಯನ್ನು ಯಾರಾದರೂ ಹೊಂದಿಸಿಕೊಂಡಾರು. ಅದರ ಹತ್ತಿರದಲ್ಲೇ ಮೂರು ಚರಣಗಳ ಕಾಲ ಉಳಿಯುವುದಕ್ಕೆ ಬೇಕಾದ ಕಸುವು ಸಾಧನೆಯಿಂದಲೇ ಬರಬೇಕು.

ಇದಕ್ಕೆ ಶರೀರದಲ್ಲಿಯೇ ಕಾರಣವಿದೆ. ನಮ್ಮ ದನಿ ಕೆಳಗಿನಿಂದ ಮೇಲಿನವರೆಗೆ ಒಂದೇ ಬಗೆಯಲ್ಲಿ ಹುಟ್ಟುವುದಿಲ್ಲ. ಕೆಳಗೆ ಸ್ವರತಂತುಗಳು ದಪ್ಪವಾಗಿ ಕೂಡಿ ಕಂಪಿಸಿದಾಗ ತುಂಬುದನಿ ಬರುತ್ತದೆ. ಮೇಲೆ ಹೋದಂತೆ ಅವು ಎಳೆದು ತೆಳುವಾಗಿ, ಅಂಚಿನಲ್ಲಿ ಮಾತ್ರ ಕಂಪಿಸಿದಾಗ ತೆಳುದನಿ ಬರುತ್ತದೆ. ಇವೆರಡರ ನಡುವಿನ ಬೆಸುಗೆಯ ಜಾಗ ಪಳಗದ ಕಂಠದಲ್ಲಿ ಒರಟಾಗಿರುತ್ತದೆ, ದನಿ ಒಡೆಯುವುದು ಅಲ್ಲಿಯೇ. ಐದು ಮನೆಯಲ್ಲಿ ಹಾಡುವ ಹೆಣ್ಣುಮಕ್ಕಳಲ್ಲಿ ಅದು ಸಾಮಾನ್ಯವಾಗಿ ಮಧ್ಯಸ್ಥಾಯಿಯ ಧೈವತ-ನಿಷಾದಗಳ ಆಸುಪಾಸಿನಲ್ಲಿ, ಅಂದರೆ ಸುಮಾರು 330ರಿಂದ 370 ಹರ್ಟ್ಸ್‌ನ ನಡುವೆ ಬರುತ್ತದೆ. ಒಂದು ಮನೆಯಲ್ಲಿ ಹಾಡುವ ಗಂಡಸರಲ್ಲಿ ತಾರಸ್ಥಾಯಿಯ ರಿಷಭ-ಮಧ್ಯಮಗಳ ನಡುವೆ ಬರುವುದುಂಟು. ಇದು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ, ಆದ್ದರಿಂದ ಈ ಅಂಕಿಗಳನ್ನು ನಿಯಮವೆಂದು ಹಿಡಿಯಬೇಡಿ. ನಿಮ್ಮ ಬೆಸುಗೆ ಎಲ್ಲಿದೆ ಎಂದು ತಿಳಿಯಬೇಕಾದರೆ ‘ಆ’ಕಾರದಲ್ಲಿ ನಿಧಾನವಾಗಿ ಏರುತ್ತಾ ಹೋಗಿ, ದನಿಯ ಬಣ್ಣ ಥಟ್ಟನೆ ಬದಲಾಗುವ ಜಾಗ ನಿಮ್ಮ ಕಿವಿಗೇ ಕೇಳಿಸುತ್ತದೆ. ಹಾಡಿನ ನೆಲೆಯೂ ಈ ಬೆಸುಗೆಯೂ ಒಂದೇ ಜಾಗದಲ್ಲಿ ಬಿದ್ದರೆ, ಹಾಡು ಎಷ್ಟೇ ಚಿಕ್ಕದಿದ್ದರೂ ಸದ್ಯಕ್ಕೆ ಅದು ಆ ಶ್ರುತಿಯಲ್ಲಿ ನಿಮ್ಮದಲ್ಲ.

ಒಬ್ಬ ಹುಡುಗಿ ಅಂಥದೇ ಒಂದು ಹಾಡು ತಂದಿದ್ದಳು. ಪಲ್ಲವಿ ಮಂದ್ರ (ಕೆಳಗಿನ ಸ್ಥಾಯಿಯ) ನಿಷಾದದಿಂದ ಪಂಚಮದವರೆಗೆ ಹಾಯಾಗಿ ಸಾಗುತ್ತದೆ. ಚರಣದ ನಾಲ್ಕೂ ಸಾಲುಗಳು ಪಂಚಮದಲ್ಲಿ ಎತ್ತಿ, ಧೈವತ-ನಿಷಾದಗಳಲ್ಲಿ ನಿಂತು, ತಾರ ಷಡ್ಜವನ್ನು ಮುಟ್ಟಿ ಮತ್ತೆ ನಿಷಾದಕ್ಕೇ ಮರಳುತ್ತವೆ. ಧ್ವನಿಮುದ್ರಣದ ಶ್ರುತಿ ಐದೂವರೆ. ಮೊದಲ ಚರಣ ಚೆನ್ನಾಗಿಯೇ ಬಂತು, ಅವಳ ಕಣ್ಣಲ್ಲಿ ಗೆದ್ದ ಸಂತೋಷವಿತ್ತು. ನಾನು ಏನೂ ಹೇಳದೆ, ಎದ್ದು ನಿಂತು ಮೂರು ಚರಣಗಳನ್ನೂ ನಡುವೆ ನಿಲ್ಲಿಸದೆ ಹಾಡು ಎಂದೆ. ಎರಡನೆಯ ಚರಣದಲ್ಲಿ ಗದ್ದ ಮೇಲಕ್ಕೆದ್ದಿತು. ಮೂರನೆಯದರಲ್ಲಿ ಕತ್ತಿನ ನರ ಉಬ್ಬಿತು, ನಿಷಾದ ಕೂದಲೆಳೆಯಷ್ಟು ಕೆಳಗೆ ಜಾರಿತು, ಸಾಲಿನ ಕೊನೆಯ ‘ಇ’ಕಾರ ಹಿಗ್ಗಿ ‘ಎ’ಕಾರವಾಯಿತು. ಶ್ರುತಿಯನ್ನು ನಾಲ್ಕಕ್ಕೆ ಇಳಿಸಿ ಮತ್ತೆ ಹಾಡಿಸಿದೆ. ಧೈವತ-ನಿಷಾದಗಳು ಅವಳ ಬೆಸುಗೆಯ ಕೆಳಗೆ ಬಂದು ನಿಂತವು, ಗದ್ದ ಇದ್ದಲ್ಲೇ ಇತ್ತು, ‘ಇ’ಕಾರ ‘ಇ’ಕಾರವಾಗಿಯೇ ಉಳಿಯಿತು. ಎರಡನ್ನೂ ಮೊಬೈಲಿನಲ್ಲಿ ಮುದ್ರಿಸಿಕೊಂಡಿದ್ದೆವು. ಕೇಳಿಸಿಕೊಂಡ ಮೇಲೆ ಅವಳು ವಾದ ಮಾಡಲಿಲ್ಲ. ಆದರೆ ಮನೆಗೆ ಹೋಗುವ ಮುನ್ನ, “ನಾಲ್ಕು ಅಂತ ಯಾರಿಗೂ ಹೇಳಬೇಡಿ, ಮೇಡಂ” ಎಂದಳು. ಅಷ್ಟೊಂದು ಪ್ರೀತಿಯಿಂದ ಹಾಡು ಕಲಿಯುವ ಮಕ್ಕಳಿಗೆ ಈ ಸಂಖ್ಯೆಯ ಬಗ್ಗೆ ಇಷ್ಟು ನಾಚಿಕೆ ಕಲಿಸಿದವರು ಯಾರೋ ಎಂದು ನನಗೆ ನಿಜಕ್ಕೂ ನೋವಾಯಿತು.

ನೆಲೆಯನ್ನು ಕಂಡುಕೊಳ್ಳುವ ವಿಧಾನ ಸರಳ. ಸಾಹಿತ್ಯವನ್ನು ಬಿಡಿಬಿಡಿಯಾಗಿ ಬರೆದುಕೊಂಡು, ಒಂದು ಅಕ್ಷರಕಾಲಕ್ಕಿಂತ (ತಾಳದ ಒಂದು ಎಣಿಕೆಗಿಂತ) ಹೆಚ್ಚು ಹೊತ್ತು ದನಿ ನಿಲ್ಲುವ ಪ್ರತಿ ಅಕ್ಷರದ ಕೆಳಗೂ ಗೆರೆ ಎಳೆಯಿರಿ. ಅದು ಯಾವ ಸ್ವರ ಎಂದು ಮೇಲೆ ಬರೆಯಿರಿ. ಸ್ವರಜ್ಞಾನ ಸಾಲದಿದ್ದರೆ ಹಾರ್ಮೋನಿಯಮ್ಮಿನಲ್ಲಿಯೋ ಕೀಬೋರ್ಡಿನಲ್ಲಿಯೋ ಹುಡುಕಿ. ಬರೆದು ಮುಗಿಸಿದಾಗ ಯಾವ ಎರಡು-ಮೂರು ಸ್ವರಗಳು ಮತ್ತೆ ಮತ್ತೆ ಬಂದಿವೆಯೋ ಅವೇ ಹಾಡಿನ ನೆಲೆ. ನಿಂತ ಅಕ್ಷರ ಯಾವುದು ಎಂಬುದನ್ನೂ ಗಮನಿಸಿ. ಎತ್ತರದಲ್ಲಿ ‘ಆ’ಕಾರದ ಮೇಲೆ ನಿಲ್ಲುವಷ್ಟು ಸುಲಭವಾಗಿ ‘ಇ’ಕಾರ, ‘ಉ’ಕಾರಗಳ ಮೇಲೆ ನಿಲ್ಲಲು ಹೊಸಬರಿಗೆ ಸಾಮಾನ್ಯವಾಗಿ ಆಗುವುದಿಲ್ಲ, ಏಕೆಂದರೆ ನಾಲಿಗೆ, ದವಡೆಗಳ ಬಿಗಿ ಗಂಟಲಿಗೂ ಇಳಿಯುತ್ತದೆ.

ಹಾಗಾದರೆ ಯಾವ ಹಾಡನ್ನಾದರೂ ಇಳಿಸಿಕೊಂಡು ಹಾಡಬಹುದೇ ಎಂದು ಕೇಳುತ್ತಾರೆ. ಇಲ್ಲ. ಇಳಿಸಿದಾಗ ಹಾಡಿನ ತಳವೂ ಇಳಿಯುತ್ತದೆ. ಮಂದ್ರ ಪಂಚಮದಿಂದ ತಾರಸ್ಥಾಯಿಯ ಅಂತರ ಗಾಂಧಾರದವರೆಗೆ (ಗಾಂಧಾರಗಳಲ್ಲಿ ಎತ್ತರದ್ದು) ಹರಡಿದ ಹಾಡಿನಲ್ಲಿ, ಒಂದು ಸ್ಥಾಯಿಗೆ ಹನ್ನೆರಡರ ಲೆಕ್ಕದಲ್ಲಿ, 21 ಸ್ವರಸ್ಥಾನಗಳ ಹರವಿದೆ. ಹೊಸ ಕಂಠವೊಂದು ನೆಮ್ಮದಿಯಿಂದ ನಿಭಾಯಿಸುವುದು ಸಾಮಾನ್ಯವಾಗಿ ಒಂದೂವರೆ ಸ್ಥಾಯಿ, ಅಂದರೆ 18. ಇಂಥ ಹಾಡನ್ನು ಯಾವ ಶ್ರುತಿಗೆ ತಂದರೂ ಮೇಲೋ ಕೆಳಗೋ ಒಂದು ಕಡೆ ತಪ್ಪುತ್ತದೆ, ಆದ್ದರಿಂದ ಹಾಡನ್ನೇ ಬದಲಿಸಬೇಕು. ಇದಲ್ಲದೆ, ಎಷ್ಟು ಸಿಗುತ್ತದೋ ಅಷ್ಟನ್ನೂ ಬಳಸುವ ಹಾಡು ಬೇಡ. ವೇದಿಕೆಯಲ್ಲಿ ಬಾಯಿ ಒಣಗುತ್ತದೆ, ಉಸಿರು ಎದೆಯ ಮೇಲ್ಭಾಗಕ್ಕೇ ಸೀಮಿತವಾಗುತ್ತದೆ, ಧ್ವನಿಪೆಟ್ಟಿಗೆ ಮೇಲೇರುತ್ತದೆ. ಅಭ್ಯಾಸದಲ್ಲಿ ಸ್ವಚ್ಛವಾಗಿ ದಕ್ಕುವ ಅತ್ಯಂತ ಎತ್ತರದ ಸ್ವರಕ್ಕಿಂತ ಕನಿಷ್ಠ ಎರಡು ಸ್ವರಸ್ಥಾನ ಕೆಳಗೆ ಹಾಡಿನ ತುದಿ ಇರಲಿ ಎಂಬುದು ನನ್ನ ಸಲಹೆ.

ನಿಮ್ಮ ಕಂಠ ಎಲ್ಲಿಂದ ಎಲ್ಲಿಯವರೆಗೆ ಹೋಗುತ್ತದೆ ಎಂಬ ಪರೀಕ್ಷೆಯನ್ನು ಬೆಳಗ್ಗೆ ಎದ್ದೊಡನೆ ಮಾಡಬೇಡಿ. ಆಗ ಸ್ವರತಂತುಗಳು ಸ್ವಲ್ಪ ಊದಿಕೊಂಡಿರುವುದರಿಂದ ಮಂದ್ರಸ್ವರಗಳು ಉದಾರವಾಗಿ ಸಿಗುತ್ತವೆ, ಸಂಜೆಯ ಕಾರ್ಯಕ್ರಮದ ಹೊತ್ತಿಗೆ ಅವು ಇರುವುದಿಲ್ಲ. ಕಾರ್ಯಕ್ರಮ ನಡೆಯುವ ಹೊತ್ತಿನಲ್ಲೇ ನೋಡಿಕೊಳ್ಳಿ. ಮನೆಗಳ ಎಣಿಕೆಯಲ್ಲೂ ಒಂದು ಎಚ್ಚರ ಬೇಕು. ಎರಡರಿಂದ ಒಂದಕ್ಕೆ ಇಳಿದರೆ ಎರಡು ಸ್ವರಸ್ಥಾನ ಇಳಿದಂತೆ, ಆದರೆ ಮೂರೂವರೆ ಎಂಬ ಮನೆ ಇಲ್ಲದ ಕಾರಣ ನಾಲ್ಕರಿಂದ ಮೂರಕ್ಕೆ ಇಳಿದರೆ ಇಳಿಯುವುದು ಒಂದೇ ಸ್ವರಸ್ಥಾನ. “ಒಂದು ಮನೆ ಇಳಿಸಿದರೂ ವ್ಯತ್ಯಾಸವೇ ಆಗಲಿಲ್ಲ” ಎಂಬ ದೂರು ಹಲವು ಸಲ ಇಲ್ಲಿಂದಲೇ ಹುಟ್ಟುತ್ತದೆ.

ಗಂಡುದನಿಯ ಹಾಡನ್ನು ಹೆಣ್ಣುಮಕ್ಕಳು ಆರಿಸಿಕೊಂಡಾಗ ಲೆಕ್ಕ ಇನ್ನೂ ಸೂಕ್ಷ್ಮವಾಗುತ್ತದೆ. ಒಂದು ಮನೆಯ ಷಡ್ಜ ಸುಮಾರು 131 ಹರ್ಟ್ಸ್, ಐದು ಮನೆಯದು ಸುಮಾರು 196. ಇಬ್ಬರ ಅನುಕೂಲದ ಷಡ್ಜಗಳ ನಡುವೆ ಇಷ್ಟು ಅಂತರವಿರುವಾಗ, ಅದೇ ಶ್ರುತಿಯಲ್ಲಿ ಹಾಡಿದರೆ ಮಂದ್ರದಲ್ಲಿ ದನಿಯೇ ಕೇಳಿಸುವುದಿಲ್ಲ, ಒಂದು ಸ್ಥಾಯಿ ಮೇಲೆ ಹಾಡಿದರೆ ಕಿರುಚಿದಂತಾಗುತ್ತದೆ. ಕನಿಷ್ಠ ನಾಲ್ಕೋ ಐದೋ ಸ್ವರಸ್ಥಾನ ಏರಿಸಲೇಬೇಕು. ಕರೋಕೆ ಟ್ರ್ಯಾಕನ್ನು ಆ್ಯಪ್‌ನಲ್ಲಿ ಎರಡು-ಮೂರು ಸ್ವರಸ್ಥಾನ ಸರಿಸಿದರೆ ಹೇಗೋ ನಡೆಯುತ್ತದೆ. ಐದು ಸರಿಸಿದರೆ ವಾದ್ಯಗಳ ನಾದವೇ ಕೆಡುತ್ತದೆ. ನಿಮ್ಮ ಶ್ರುತಿಯಲ್ಲಿ ನುಡಿಸುವವರು ಸಿಗದಿದ್ದರೆ ಆ ಹಾಡನ್ನು ಸದ್ಯಕ್ಕೆ ಬದಿಗಿಡುವುದು ಒಳ್ಳೆಯದು. ಯುಗಳಗೀತೆಯಲ್ಲೂ ಇದೇ ತೊಡಕು, ಇಬ್ಬರಲ್ಲಿ ಒಬ್ಬರಿಗೆ ಶ್ರುತಿ ಒಗ್ಗುವುದಿಲ್ಲ.

ನಿಧಾನಗತಿಯ ಹಾಡು ಸುಲಭ ಎಂಬುದನ್ನೂ ನಂಬಬೇಡಿ. ನಿಧಾನದ ಹಾಡಿನಲ್ಲಿ ಸ್ವರಗಳು ನಿಲ್ಲುವುದರಿಂದ ಶ್ರುತಿದೋಷಕ್ಕೆ ಮರೆ ಇರುವುದಿಲ್ಲ, ಉಸಿರೂ ಹೆಚ್ಚು ಬೇಕು. ಹಾಡಿನ ಅತಿ ಉದ್ದದ ಸಾಲನ್ನು, ಸ್ವಲ್ಪ ಜೋರಾಗಿ ನಡೆದಾಡಿ ಬಂದ ತಕ್ಷಣ ಹಾಡಿ ನೋಡಿ. ಆಗಲೂ ಒಂದೇ ಉಸಿರಿನಲ್ಲಿ ಮುಗಿದರೆ ವೇದಿಕೆಯಲ್ಲೂ ಮುಗಿಯುವ ಸಂಭವ ಹೆಚ್ಚು. ಮುಗಿಯದಿದ್ದರೆ ಅರ್ಥ ಮುರಿಯದ ಕಡೆ ಉಸಿರಿನ ಜಾಗ ಗುರುತಿಸಿ. ಧ್ವನಿಮುದ್ರಣದಲ್ಲಿ ಗಾಯಕರು ಉಸಿರೇ ತೆಗೆದುಕೊಂಡಿಲ್ಲವಲ್ಲ ಎಂದು ಕೊರಗಬೇಕಾಗಿಲ್ಲ. ಸ್ಟುಡಿಯೋಗಳಲ್ಲಿ ಸಾಲುಸಾಲಾಗಿ ಹಾಡಿಸಿ, ಬೇಕಾದ ತುಣುಕನ್ನು ಮಾತ್ರ ಮತ್ತೆ ಮುದ್ರಿಸಿ (ಪಂಚ್ ಮಾಡಿ) ಜೋಡಿಸುವುದು ರೂಢಿಯಲ್ಲಿದೆ. 1997ರಲ್ಲಿ ಆಟೋಟ್ಯೂನ್ ಎಂಬ ತಂತ್ರಾಂಶ ಬಂದ ಮೇಲೆ ಸ್ವರವನ್ನು ತಿದ್ದುವುದೂ ಸುಲಭವಾಗಿದೆ. ಹಳೆಯ ಮುದ್ರಣಗಳಲ್ಲಿ ಒಂದೇ ಬೀಸಿಗೆ ಹಾಡಿದ ಮಹಾನ್ ಗಾಯಕರಿದ್ದರು, ಈಗಲೂ ಇದ್ದಾರೆ. ಅವರ ಸಾಧನೆಯನ್ನು ಗೌರವಿಸೋಣ. ಮೊದಲ ವೇದಿಕೆಗೆ ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ಬೇಡ.

ಇಯರ್‌ಫೋನಿನಲ್ಲಿ ಮೂಲ ಹಾಡು ಹಾಕಿಕೊಂಡು ಜೊತೆಜೊತೆಗೆ ಹಾಡಿ, ಹಾಡು ಬಂತು ಎಂದು ತೀರ್ಮಾನಿಸುವವರಿಗೆ ಒಂದು ಮಾತು: ಆಗ ನಿಮಗೆ ಕೇಳಿಸುವುದು ಹೆಚ್ಚಾಗಿ ಅವರ ದನಿಯೇ. ಬರೀ ತಂಬೂರದ ಶ್ರುತಿಗೆ ಇಡೀ ಹಾಡನ್ನು ಹಾಡಿ, ಮುದ್ರಿಸಿಕೊಂಡು, ಮರುದಿನ ಕೇಳಿ. ಹಾಡು ಮುಗಿದ ಮೇಲೆ ಗಂಟಲು ಕೆರೆದರೆ, ಮಾತಿನ ದನಿ ಒರಟಾದರೆ ಶ್ರುತಿ ಸರಿಯಿಲ್ಲ ಎಂದೇ ತಿಳಿಯಿರಿ. ಹೀಗೆ ಒರಟಾದ ದನಿ ಮೂರು ವಾರವಾದರೂ ಸರಿಹೋಗದಿದ್ದರೆ ಗಂಟಲಿನ ತಜ್ಞ ವೈದ್ಯರಿಗೆ ತೋರಿಸಬೇಕು, ಅದು ಸಂಗೀತದ ಮೇಷ್ಟ್ರು ಸರಿಪಡಿಸುವ ವಿಷಯವಲ್ಲ.

ಇಷ್ಟದ ಹಾಡನ್ನು ತೊರೆಯಿರಿ ಎಂದು ನಾನು ಯಾರಿಗೂ ಹೇಳಲಾರೆ. ಇಷ್ಟವಿಲ್ಲದ ಹಾಡನ್ನು ದಿನವೂ ಸಾಧನೆ ಮಾಡುವುದು ಯಾರಿಂದಲೂ ಆಗದು. ಆದರೆ ಕೇಳಲು ಇಷ್ಟವಾದ ಹಾಡುಗಳ ಪಟ್ಟಿಯಲ್ಲಿ ನಿಮ್ಮ ನೆಲೆಗೆ ಹೊಂದುವ ಒಂದೆರಡು ಖಂಡಿತ ಇರುತ್ತವೆ, ಅವುಗಳನ್ನು ಈ ಸಲ ಹಾಡಿ. ಗೆರೆ ಎಳೆದ ಆ ಹಾಳೆಯನ್ನು ಇಟ್ಟುಕೊಂಡಿದ್ದು ಕೆಲವು ತಿಂಗಳ ಸಾಧನೆಯ ಬಳಿಕ ಮತ್ತೆ ತೆಗೆದು ನೋಡಿದರೆ, ಬಿಟ್ಟ ಹಾಡು ಅಷ್ಟರಲ್ಲಿ ಹತ್ತಿರ ಬಂದಿರಲೂಬಹುದು.

ದನಿ ಒಡೆಯುವ ವಯಸ್ಸಿನ ಗಂಡುಮಕ್ಕಳ ವಿಷಯದಲ್ಲಿ ಮಾತ್ರ ಈ ಲೆಕ್ಕವನ್ನೂ ಪೂರ್ತಿ ನಂಬುವಂತಿಲ್ಲ. ಅವರ ಸ್ವರತಂತುಗಳು ಆ ಕಾಲದಲ್ಲಿ ಉದ್ದವಾಗಿ ದಪ್ಪವಾಗುತ್ತಿರುತ್ತವೆ. ಹೋದ ತಿಂಗಳು ಸಿಕ್ಕ ಸ್ವರ ಈ ತಿಂಗಳು ಸಿಗದೆ ಹೋಗಬಹುದು. ಅಂಥವರಿಗೆ ಒಂದೇ ಸ್ಥಾಯಿಯೊಳಗೆ ಮುಗಿಯುವ ಹಾಡು ಕೊಡಿ, ಹಳೆಯ ಶ್ರುತಿಯಲ್ಲಿ ಹಾಡು ಎಂದು ಬಲವಂತ ಮಾಡಬೇಡಿ. ಕಾರ್ಯಕ್ರಮದ ಹಿಂದಿನ ವಾರ ಮತ್ತೊಮ್ಮೆ ಶ್ರುತಿ ನೋಡಿ, ಅಗತ್ಯ ಬಿದ್ದರೆ ಆಗಲೂ ಬದಲಿಸಿಕೊಳ್ಳಲು ಪಕ್ಕವಾದ್ಯದವರಿಗೆ ಮೊದಲೇ ಹೇಳಿಟ್ಟಿರಿ.